ರಾಜಿ ಮಾವ

ಸೇಲಂ ಜಿಲ್ಲೆಯ ಎಡಪ್ಪಾಡಿಯಲ್ಲಿ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಆಡುವ ದೇವಾಂಗ ನೇಕಾರರ ಬೀದಿಗಳಿವೆ. ಸಂಸಾರದ ಜಗಳಗಳಿಗೆ ರಾಜಿ ಮಾಡಿಸುವ ರಾಜಿ ಮಾವ ಬೀದಿಗೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ವಯಸ್ಸು ಅರವತ್ತರ ಮೇಲೆ. ಮಗ್ಗವನ್ನು ಮಗನಿಗೆ ಒಪ್ಪಿಸಿಯಾಗಿದೆ. ಇನ್ನು ಮಗ್ಗದ ಹತ್ತಿರ ಬರಬೇಡಿ ಎಂದು ಮಗನೂ ಹೇಳಿಯಾಗಿದೆ. ಬಿಳಿ ಪಂಚೆ, ಹೆಗಲಿಗೆ ಊರಲ್ಲೇ ನೇಯ್ದ ಟವಲು. ಯಾರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಯಾವ ಅಣ್ಣತಮ್ಮಂದಿರು ನಡುಗೋಡೆ ಎಬ್ಬಿಸಲಿದ್ದಾರೆ ಎಂಬುದು ಆ ಮನೆಯವರಿಗಿಂತ ಅರ್ಧ ದಿನ ಮೊದಲೇ ಅವರಿಗೆ ಗೊತ್ತಾಗಿರುತ್ತದೆ.

ಗೊತ್ತಾಗುವುದಕ್ಕೆ ಕರೆಂಟು ಕಾರಣ. ಇಲ್ಲಿನ ಎಷ್ಟೋ ಮನೆಗಳಲ್ಲಿ ಪವರ್‌ಲೂಮು ಅಡುಗೆಮನೆಯ ಗೋಡೆಗೆ ಅಂಟಿಕೊಂಡೇ ಇರುತ್ತದೆ. ನಾಲ್ಕು ಮಗ್ಗ ಓಡುವಾಗ ಉಪ್ಪು ಕೇಳುವುದಕ್ಕೂ ಕಿರುಚಬೇಕು. ಹೀಗೆ ಪಳಗಿದ ಗಂಟಲಿಗೆ ಅಕ್ಕರೆಗೊಂದು ದನಿ, ಸಿಟ್ಟಿಗೊಂದು ದನಿ ಎಂಬ ಭೇದ ತಿಳಿಯದು. ಹೊಸ ಸೊಸೆ ಮೊದಲ ತಿಂಗಳೆಲ್ಲ ಅತ್ತೆ ಬೈಯುತ್ತಿದ್ದಾರೆಂದೇ ಹೆದರಿರುತ್ತಾಳೆ. ಪಾಪ, ಆ ಅತ್ತೆ ಊಟ ಆಯ್ತೇನಮ್ಮ ಎಂದು ಕೇಳುತ್ತಿರುತ್ತಾರೆ. ಮಗ್ಗದ ಸದ್ದು ಇರುವ ತನಕ ಬೀದಿಗೆ ಏನೂ ಕೇಳಿಸದು. ಆದರೆ ಕರೆಂಟು ಹೇಳಿಕೇಳಿ ಹೋಗುವುದಿಲ್ಲ. ಮಗ್ಗಗಳೆಲ್ಲ ಒಮ್ಮೆಗೇ ನಿಂತಾಗ, ಅರ್ಧ ಕಿರುಚಿದ್ದ "ನಮ್ಮಮ್ಮ ಹಾಕಿದ ಬಳೆ ಅಡವಿಟ್ಟದ್ದು ಯಾರು?" ಎಂಬ ಮಾತು ಇಡೀ ಬೀದಿಯ ಸ್ವತ್ತಾಗುತ್ತದೆ. ರಿಪೇರಿಗೆಂದು ಹಗಲೆಲ್ಲ ಕರೆಂಟು ನಿಲ್ಲಿಸುವ ದಿನವಂತೂ ಮಾವ ಬೆಳಗ್ಗೆಯೇ ಸ್ನಾನ ಮುಗಿಸಿ ಜಗಲಿಯಲ್ಲಿ ಕೂತಿರುತ್ತಾರೆ. ಪವರ್‌ಲೂಮಿಗೆ ಎರಡು ತಿಂಗಳಿಗೊಮ್ಮೆ ಸಿಗುವ ಉಚಿತ ವಿದ್ಯುತ್ತನ್ನು ತಮಿಳುನಾಡು ಸರ್ಕಾರ 2023ರಲ್ಲಿ 750 ಯೂನಿಟ್‌ನಿಂದ 1000ಕ್ಕೆ ಏರಿಸಿತು. ಹೆಚ್ಚು ಹೊತ್ತು ಓಡಿದ ಮಗ್ಗದ ಸದ್ದಿನಲ್ಲಿ ಎಷ್ಟು ಸಂಸಾರಗಳ ಗುಟ್ಟು ಉಳಿಯಿತೋ, ಆ ಲೆಕ್ಕ ಯಾವ ಆದೇಶದಲ್ಲೂ ಇಲ್ಲ.

ಜಗಳದ ಮನೆಯಲ್ಲಿ ಮಾವನ ವಿಚಾರಣೆ ಕಾಫಿಯಿಂದ ಶುರು. ಎರಡೂ ಕಡೆಯವರು ಎರಡೆರಡು ಮಾತು ಆಡುವಷ್ಟರಲ್ಲಿ ಮಾವ ಕೈಯೆತ್ತಿ ದೇವರ ದಾಸಿಮಯ್ಯನ ಕತೆಗೆ ಇಳಿಯುತ್ತಾರೆ. ಮುದನೂರಿನ ನೇಕಾರ, ವಚನಕಾರ ದಾಸಿಮಯ್ಯ ಮರಳು ಬೆರೆಸಿದ ಅಕ್ಕಿಯನ್ನೂ ಕಬ್ಬನ್ನೂ ಹಿಡಿದು ಹೆಣ್ಣು ಹುಡುಕಿ ಹೊರಟನಂತೆ. ಅವುಗಳಿಂದಲೇ ಪಾಯಸ ಮಾಡಿ ಬಡಿಸಿದ ದುಗ್ಗಳೆಯನ್ನು ಮದುವೆಯಾದನಂತೆ. ಈ ಐತಿಹ್ಯವನ್ನು ಮಾವ ಸೊಸೆಯಂದಿರ ಕಡೆಗೇ ಮುಖಮಾಡಿ ಹೇಳುವುದು. ಆತ್ಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಅದೇ ದಾಸಿಮಯ್ಯ ವಚನದಲ್ಲಿ ಹೇಳಿದ್ದಾನೆ. ಅಲ್ಲಿಗೆ ಬರುವ ಹೊತ್ತಿಗೆ ಮಾವನಿಗೆ ಎರಡನೆಯ ಕಾಫಿ ಬಂದಿರುತ್ತದೆ.

ಕೊನೆಗೆ ತೀರ್ಪು: "ಅನುಸರಿಸಿಕೊಂಡು ಹೋಗಮ್ಮ." ಸಾಲಕ್ಕೂ ಕುಡಿತಕ್ಕೂ ಸಂಶಯಕ್ಕೂ ಇದೊಂದೇ ಔಷಧಿ, ಕಾಂಪೌಂಡರ್ ಕೊಡುವ ಕೆಂಪು ನೀರಿನ ಹಾಗೆ. 2017ರ ಆಗಸ್ಟಿನಲ್ಲಿ, ಊರಿನ ಎಡಪ್ಪಾಡಿ ಪಳನಿಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, ಅಣ್ಣಾ ಡಿಎಂಕೆಯ ಎರಡು ಬಣಗಳು ಕೈಕುಲುಕಿದವು. ಅದು ತಮ್ಮದೇ ಪದ್ಧತಿ ಎಂದು ಮಾವಂದಿರು ಜಗಲಿ ಜಗಲಿಯಲ್ಲೂ ಹೇಳಿಕೊಂಡರು. 2022ರಲ್ಲಿ ಬಣಗಳು ಮತ್ತೆ ಬೇರೆಯಾದಾಗ ಅದು ತಮ್ಮದೇ ಪದ್ಧತಿ ಎಂದು ಯಾರೂ ಹೇಳಲಿಲ್ಲ.

ಹಾಗೆಂದು ಮಾವನಿಂದ ಉಪಯೋಗವೇ ಇಲ್ಲವೆನ್ನುವುದು ಅನ್ಯಾಯ. ಜಗಳ ಕಾವೇರಿದಾಗ ಕನಿಷ್ಠ 20 ನಿಮಿಷ ಬಿಡುವು ಬೇಕು, ಎದೆಬಡಿತ ಇಳಿಯದೆ ಎದುರಿನವರ ಮಾತು ತಲೆಗೆ ಹೋಗದು ಎನ್ನುತ್ತಾರೆ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್ಮನ್. ಮಾವನ ಪೀಠಿಕೆಗೇ ಮುಕ್ಕಾಲು ಗಂಟೆ ಹಿಡಿಯುತ್ತದೆ. ಕಬ್ಬಿನ ಪ್ರಸಂಗ ಬರುವ ಹೊತ್ತಿಗೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಇವರು ಯಾವಾಗ ಎದ್ದು ಹೋಗುತ್ತಾರೋ ಎಂಬ ಒಂದು ವಿಷಯದಲ್ಲಾದರೂ ಇಬ್ಬರಿಗೂ ಒಮ್ಮತ ಮೂಡಿರುತ್ತದೆ. ಎಷ್ಟೋ ಸಂಸಾರಗಳು ಈ ಒಮ್ಮತದ ಮೇಲೆಯೇ ನಿಂತಿವೆ.

ಮಾವನಿಗೆ ಕಾಣದ್ದು ಜಗಳದ ಬೇರು. ಗಂಡ ರಾತ್ರಿಯೆಲ್ಲ ಮಗ್ಗ ಓಡಿಸುತ್ತಾನೆ. ಹೆಂಡತಿ ಹಗಲೆಲ್ಲ ಕಂಡಿಕೆ ಸುತ್ತುತ್ತ ಅಡುಗೆ, ಮಗು ನೋಡಿಕೊಳ್ಳುತ್ತಾಳೆ. ಅವನು ಮಲಗುವಾಗ ಇವಳು ಏಳುತ್ತಾಳೆ. ನೂಲು ಕೊಡುವ ಮಾಲೀಕನ ಹತ್ತಿರ ಪಡೆದ ಮುಂಗಡ ಹಾಗೇ ಇದೆ. ಮನೆಯಲ್ಲಿ ಮಾತು ಕಡಿಮೆಯಾಗಿದೆ ಎಂದು ಮಾವ ಹೇಳುವುದು ಸರಿ, ಟಿ.ವಿ. ಸೀರಿಯಲ್ಲಿನಿಂದ ಎನ್ನುವುದು ತಪ್ಪು. ಬೇರು ಕಾಣುವುದು ಮಾವನ ಹೆಂಡತಿಗೆ. ಈ ಅತ್ತೆ ಬರುವುದು ಹಿತ್ತಿಲ ಬಾಗಿಲಿನಿಂದ, ಕೇಳುವುದು ಒಂದೇ: "ನಿದ್ದೆ ಮಾಡಿದ್ಯೇನಮ್ಮ?" ಉತ್ತರ ಮುಗಿಯುವ ತನಕ ಸುಮ್ಮನಿದ್ದು, ಮಗುವನ್ನು ಎರಡು ಗಂಟೆ ತಮ್ಮ ಮನೆಗೆ ಎತ್ತಿಕೊಂಡು ಹೋಗುತ್ತಾರೆ. ರಾಜಿಯ ಕೀರ್ತಿ ಮಾತ್ರ ಮಾವನಿಗೆ.

ಮಾವನನ್ನು ಕರೆಯಲೇಬಾರದ ಮನೆಗಳೂ ಇವೆ. ಕೈ ಎತ್ತುವ ಗಂಡನ ಮುಂದೆ "ಅನುಸರಿಸಿಕೊಂಡು ಹೋಗು" ಎನ್ನುವುದು ಹೊಡೆಯಲು ಕೊಟ್ಟ ಪರವಾನಗಿ. ಅಲ್ಲಿಗೆ ಬೇಕಾದದ್ದು ಮಹಿಳಾ ಸಹಾಯವಾಣಿ 181. ವಾರಗಟ್ಟಲೆ ಊಟ ನಿದ್ದೆ ಬಿಟ್ಟು "ಏನೂ ಇಲ್ಲ ಮಾವ" ಎನ್ನುವವರಿಗೆ ದಾಸಿಮಯ್ಯನ ಕತೆ ಸಾಲದು. ಅಂಥವರಿಗಾಗಿ 2022ರ ಅಕ್ಟೋಬರ್ 10ರಂದು ಆರಂಭವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. ಸಂಖ್ಯೆ 14416, ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ತಮಿಳಿನಲ್ಲೂ ಮಾತಾಡಬಹುದು, ಕನ್ನಡದಲ್ಲೂ ಮಾತಾಡಬಹುದು.