ಬಾಯಿ ಬಿಡದ ನೋಟು

ಕಾರ್ಡು, ಫೋನು ಬದಿಗಿಟ್ಟು ನೋಟು ಎಣಿಸಿ ಕೊಟ್ಟರೆ ಖರ್ಚು ತಾನಾಗಿ ಇಳಿಯುತ್ತದೆ ಎಂದು ತಿಳಿದವರು ಹೇಳುತ್ತಾರೆ. ಅವರು ಸಂಜೆ ಹೊತ್ತು ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಬಂದವರಲ್ಲ. ಅಲ್ಲಿ ಕೈಯಲ್ಲಿ ಐನೂರಿದ್ದರೆ ಐನೂರೂ ಹೋಗುತ್ತದೆ. ಎರಡು ಮೊಳ ಮಲ್ಲಿಗೆಗೆಂದು ಹೋದವಳು ವೀಳ್ಯದೆಲೆ, ರಸಬಾಳೆ, ಯಾರಿಗೂ ಬೇಡದ ಒಂದು ಹಿತ್ತಾಳೆ ಗಂಟೆಯ ಸಮೇತ ಮನೆಗೆ ಬರುತ್ತೇನೆ. ನಾನು ನಗದಿಗೆ ಮರಳಿದ್ದು ಉಳಿತಾಯಕ್ಕಲ್ಲ, ಮಾನಕ್ಕೆ.

ನಮ್ಮ ಯಜಮಾನರು ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಆಫೀಸು ಅವರನ್ನು ಬಿಟ್ಟಿತು, ಅವರು ಲೆಕ್ಕವನ್ನು ಬಿಡಲಿಲ್ಲ. ನಮ್ಮದು ಜಂಟಿ ಖಾತೆ. ಬೆಂಗಳೂರಿನಿಂದ ಬಂದ ಮಗ ನನ್ನ ಫೋನಿಗೆ ಯುಪಿಐ ಹಾಕಿಕೊಟ್ಟು, ‘ಅಮ್ಮಾ, ಇನ್ಮೇಲೆ ಚಿಲ್ಲರೆ ತಾಪತ್ರಯವೇ ಇಲ್ಲ’ ಎಂದು ಹೇಳಿ ಹೋದ. ಸ್ಕ್ಯಾನ್ ಮಾಡುವವಳು ನಾನು, ಬ್ಯಾಂಕಿನ ಮೆಸೇಜು ಹೋಗುವುದು ಯಜಮಾನರ ಫೋನಿಗೆ. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ವಾರ್ತೆ ಓದುವ ಧಾಟಿಯಲ್ಲಿ ಶುರು: ‘ಐದು ಮೂವತ್ತೆರಡು. ನಲವತ್ತು ರೂಪಾಯಿ. ಚಾಟ್ಸ್ ಅಂತಿದೆ. ಯಾರು ತಿಂದದ್ದು?’ ಸಕ್ಕರೆ ಕಾಯಿಲೆಯವಳು ಮಸಾಲೆ ಪುರಿ ತಿಂದಳು ಎನ್ನುವುದಕ್ಕೆ ಹೊತ್ತು, ಗೊತ್ತು, ಸಾಕ್ಷಿ ಎಲ್ಲ ಸಿದ್ಧ. ‘ಗೆಳತಿ ಪರ್ಸು ತಂದಿರಲಿಲ್ಲ ಕಣ್ರೀ, ಅವಳದ್ದು ನಾನು ಕೊಟ್ಟೆ’ ಎಂದರೆ, ‘ಹಾಗಾದ್ರೆ ಆಕೆ ವಾಪಸ್ ಹಾಕಿದ್ದು ಎಲ್ಲಿ?’ ಎಂದು ಕನ್ನಡಕ ಮೇಲೇರಿಸಿ ಹುಡುಕತೊಡಗುತ್ತಾರೆ.

ಮೆಸೇಜಾದರೂ ಮನೆಯೊಳಗಿನ ಮಾತು. ಗಾಡಿಯ ಮೇಲೆ ಕೂತಿರುವ ಆ ಸೌಂಡ್ ಬಾಕ್ಸು ಇಡೀ ಬೀದಿಗೆ ಡಂಗುರ ಸಾರುತ್ತದೆ. ಮೊನ್ನೆ ನನ್ನ ನಲವತ್ತು ರೂಪಾಯಿಯನ್ನು ಅದು ಅಚ್ಚ ಕನ್ನಡದಲ್ಲಿ ಘೋಷಿಸಿದ್ದೇ ತಡ, ಆಚೆ ತರಕಾರಿ ಆರಿಸುತ್ತಿದ್ದ ಎದುರು ಮನೆಯಾಕೆ ತಿರುಗಿ, ‘ಏನ್ರೀ, ಷುಗರ್ ಕಂಟ್ರೋಲಿಗೆ ಬಂತಾ?’ ಎಂದು ಕೇಳಿದರು.

ನೋಟು ಹಾಗಲ್ಲ. ಐವತ್ತರ ನೋಟನ್ನೇ ತೆಗೆದುಕೊಳ್ಳಿ. ಬೆನ್ನ ಮೇಲೆ ಹಂಪಿಯ ಕಲ್ಲಿನ ರಥ, ಪಕ್ಕದಲ್ಲಿ 15 ಭಾಷೆಗಳ ಪಟ್ಟಿ. ಕನ್ನಡದ್ದು ನಾಲ್ಕನೇ ಸಾಲು. ಹಿಂದಿ, ಇಂಗ್ಲಿಷು ಬೇರೆ. ಇಷ್ಟು ಭಾಷೆ ಬಲ್ಲದ್ದಾದರೂ ಒಂದರಲ್ಲೂ ಬಾಯಿ ಬಿಡುವುದಿಲ್ಲ. ಯಾರ ಕೈಯಿಂದ ಬಂದೆ, ಯಾವ ಗಾಡಿಯ ಮುಂದೆ ಕೈ ಬದಲಾಯಿಸಿದೆ, ಜೊತೆಗೆ ಒಂದು ಸುಕ್ಕಾ ಪುರಿ ಹೆಚ್ಚಿಗೆ ಹಾಕಿಸಿಕೊಂಡರೇ, ಒಂದನ್ನೂ ಹೇಳದು.

ಈ ಗುಣ ನಮ್ಮ ಹೆಂಗಸರಿಗೆ ಮೊದಲಿನಿಂದಲೂ ಗೊತ್ತು. ಸಾಸಿವೆ ಡಬ್ಬಿಯ ವಿಷಯ ಎಲ್ಲ ಗಂಡಂದಿರಿಗೂ ತಿಳಿದುಹೋಗಿದೆ ಎಂದು ನಾನು ಬಹಳ ಹಿಂದೆಯೇ ಬಚ್ಚಿಟ್ಟ ದುಡ್ಡನ್ನು ಮೆಂತ್ಯದ ಡಬ್ಬಿಗೆ ಬದಲಾಯಿಸಿದ್ದೆ. ಆದರೂ 2016ರ ನವೆಂಬರ್ 8ರ ರಾತ್ರಿಯಿಂದಾಗಿ ಅದು ಬಯಲಾಯಿತು. ಹಳೆಯ ಐನೂರು, ಸಾವಿರದ ನೋಟುಗಳು ನಡುರಾತ್ರಿಯಿಂದ ನಡೆಯುವುದಿಲ್ಲ ಎಂದು ಪ್ರಧಾನಿಗಳು ಟಿವಿಯಲ್ಲಿ ಹೇಳಿದಾಗ ಯಜಮಾನರು ‘ನಮಗೇನು, ಎಲ್ಲ ಬ್ಯಾಂಕಲ್ಲೇ ಇದೆ’ ಎಂದು ಕಾಲು ಚಾಚಿ ಕೂತಿದ್ದರು. ನಾನು ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಡಬ್ಬಿಯನ್ನು ಅವರ ಮುಂದೆ ಬೋರಲು ಹಾಕಿದೆ. ಅವರು ಬೈಯಲಿಲ್ಲ. ಎಣಿಸಿದರು, ಮತ್ತೊಮ್ಮೆ ಎಣಿಸಿದರು, ‘ಇಷ್ಟೊಂದು ನನ್ನ ಸಂಬಳದಲ್ಲಿ ಉಳೀತಿತ್ತಾ?’ ಎಂದು ಕೇಳಿದರು. ಬ್ಯಾಂಕಿನ ಸಾಲಿನಲ್ಲಿ ಅರ್ಧ ದಿನ ನಿಂತು ಬಂದವರು ಹೇಳಿದ್ದು, ಕ್ಯಾಷಿಯರ್ ಪ್ರತಿ ಕಂತೆಯನ್ನೂ ಮೂಸಿ ನೋಡಿದನಂತೆ.

ಆಮೇಲೆ ಬಂದ ಗುಲಾಬಿ ಬಣ್ಣದ ಎರಡು ಸಾವಿರದ ನೋಟನ್ನು ನಾನು ಡಬ್ಬಿಗೆ ಸೇರಿಸಲೇ ಇಲ್ಲ. ಅಷ್ಟು ದೊಡ್ಡದಕ್ಕೆ ಚಿಲ್ಲರೆ ಕೊಡುವವರು ಯಾರು? 2023ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಅದನ್ನೂ ವಾಪಸು ಕರೆದಾಗ, ನನಗಿದ್ದ ಬುದ್ಧಿ ಅವರಿಗೆ ತಡವಾಗಿ ಬಂತಲ್ಲ ಎನಿಸಿತು.

ಚಿಲ್ಲರೆಯ ಕಷ್ಟವನ್ನು ಮಾತ್ರ ಮುಚ್ಚಿಡಲಾರೆ. ರಿಸರ್ವ್ ಬ್ಯಾಂಕಿನ ನೋಟುಗಳು ನಮ್ಮ ಮೈಸೂರಿನಲ್ಲೂ ಅಚ್ಚಾಗುತ್ತವೆ, ನೋಟಿನ ಕಾಗದದ ಕಾರ್ಖಾನೆಯೂ ಇಲ್ಲಿದೆ. ಆದರೂ ಊರಿನ ಯಾವ ಅಂಗಡಿಗೆ ಹೋದರೂ ‘ಚೇಂಜ್ ಇಲ್ಲಮ್ಮ’. ಬದಲಿಗೆ ಎರಡು ಚಾಕೊಲೇಟು ಕೈಗಿಡುತ್ತಾರೆ, ಅದೂ ನನ್ನಂಥವಳಿಗೆ! ಹತ್ತರ ನಾಣ್ಯ ಕೊಟ್ಟರೆ ‘ಇದು ನಡೆಯಲ್ಲ’. 14 ಬಗೆಯ ಹತ್ತರ ನಾಣ್ಯಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿದೆಯಲ್ಲಪ್ಪ ಎಂದರೆ, ‘ಹಾಗಾದ್ರೆ ಅವರಿಗೇ ಕೊಡಿ’ ಎನ್ನುತ್ತಾನೆ ಅಂಗಡಿಯವನು. ಬಸ್ಸಿನಲ್ಲಿ ಕಂಡಕ್ಟರು ಟಿಕೆಟಿನ ಹಿಂದೆ ಬಾಕಿ ಬರೆದುಕೊಟ್ಟು, ಇಳಿಯುವ ಹೊತ್ತಿಗೆ ಮುಂಬಾಗಿಲಿಗೆ ಹೋಗಿ ನಿಲ್ಲುತ್ತಿದ್ದ ಕಾಲ, ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆಯಿಂದ ನಮ್ಮ ಪಾಲಿಗೆ ಮುಗಿಯಿತು. ಆ ಸಂಕಟ ಈಗ ಗಂಡಸರದ್ದು.

ಫೋನು ಎಲ್ಲವನ್ನೂ ನೆನಪಿಡುತ್ತದೆ ಎಂಬುದು 2025ರ ಜುಲೈನಲ್ಲಿ ವ್ಯಾಪಾರಿಗಳಿಗೂ ಅರಿವಾಯಿತು. ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳಿಸಿತು. ವರ್ಷಕ್ಕೆ 40 ಲಕ್ಷ ಮೀರಿ ಸರಕು ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬ ನಿಯಮ ಇತ್ತು, ಲೆಕ್ಕವೂ ಸಿಕ್ಕಿತ್ತು. ಬೆಳಗಾಗುವುದರೊಳಗೆ ನಮ್ಮ ಬೀದಿಯ ಬೇಕರಿಯಲ್ಲೂ ಕ್ಯೂಆರ್ ಕೋಡು ಮಾಯವಾಗಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಬಂತು. ಹೇಗೆ ದುಡ್ಡು ಪಡೆದರೂ ತೆರಿಗೆ ತೆರಿಗೆಯೇ ಎಂದಿತು ಇಲಾಖೆ. ಅದು ನ್ಯಾಯವೇ. ಲಕ್ಷಗಟ್ಟಲೆ ಬಚ್ಚಿಡುವವನೂ ನನ್ನ ಮಸಾಲೆ ಪುರಿಯೂ ನೋಟಿನ ಅದೇ ಮೌನದ ಮರೆಯಲ್ಲಿ ನಿಂತಿದ್ದೇವೆ ಎಂದು ನೆನೆದಾಗ ಕೊಂಚ ಇರಿಸುಮುರಿಸಾಗುತ್ತದೆ. ಪುರಿ ತಣ್ಣಗಾಗುವಷ್ಟೇನೂ ಅಲ್ಲ.

ಈಚೆಗೆ ಯಜಮಾನರ ಲೆಕ್ಕದಲ್ಲೂ ಎಟಿಎಂನಿಂದ ತೆಗೆದ ಸಾವಿರಗಳು ಕಾಣುತ್ತಿವೆ. ‘ಏನಕ್ಕೆ?’ ಎಂದರೆ ‘ಮೇಲುಖರ್ಚು’ ಎನ್ನುತ್ತಾರೆ, ಪೇಪರು ಮುಖಕ್ಕೆ ಹಿಡಿದುಕೊಂಡು. ಹೆಚ್ಚು ಕೆದಕಲಿಲ್ಲ. ಆದರೆ ಎಂದೂ ಅಡುಗೆಮನೆಗೆ ಕಾಲಿಡದವರು ಮೊನ್ನೆ ಬಂದು, ‘ಮೆಂತ್ಯ ಯಾವ ಡಬ್ಬಿಯಲ್ಲಿದೆ, ಷುಗರಿಗೆ ಒಳ್ಳೆಯದಂತೆ’ ಎಂದರು. ಆ ಸಂಜೆಯೇ ನೋಟುಗಳನ್ನು ಬೇರೆ ಡಬ್ಬಿಗೆ ವರ್ಗಾಯಿಸಿದೆ. ಯಾವುದಕ್ಕೆಂದು ಇಲ್ಲಿ ಬರೆಯುವ ಹಾಗಿಲ್ಲ, ನಾನು ಬರೆದದ್ದನ್ನೆಲ್ಲ ಅವರು ಓದುತ್ತಾರೆ.