ಬರ ಪಾಸಾಗಬೇಕಲ್ಲ!

ಮಳೆ ಕೈಕೊಟ್ಟ ಕೂಡಲೇ ಬರ ಬಂತು ಅಂದುಬಿಡುವುದು ರೈತರ ಕೆಟ್ಟ ಅಭ್ಯಾಸ. ತಿಳಿದವರು ಅಷ್ಟು ಸುಲಭವಾಗಿ ನಂಬುವುದಿಲ್ಲ. ಮಳೆ ಬಾರದಿರುವುದು ಮೋಡದ ಖಾಸಗಿ ವಿಚಾರ. ಬರ ಎನ್ನುವುದು ಕಂದಾಯ ಇಲಾಖೆಯ ಆದೇಶ. ಆದೇಶ ಸಂಖ್ಯೆ, ದಿನಾಂಕ, ಮೊಹರು ಇಲ್ಲದೆ ಬಾಯಿ ಬಡಿದುಕೊಂಡರೆ ಅದು ಬರವಲ್ಲ, ಬರೀ ಗುಲ್ಲು.

2023ನ್ನೇ ತೆಗೆದುಕೊಳ್ಳಿ. ಬರಗಾಲದಲ್ಲಿ ಅಧಿಕ ಮಾಸ ಎಂಬ ಗಾದೆಯನ್ನು ಆ ವರ್ಷ ಪಂಚಾಂಗವೇ ಮುತುವರ್ಜಿಯಿಂದ ನಡೆಸಿಕೊಟ್ಟಿತು. ಅಧಿಕ ಶ್ರಾವಣ ಬಂತು, ಕರ್ನಾಟಕದಲ್ಲಿ ಆಗಸ್ಟ್ ಮಳೆ ವಾಡಿಕೆಗಿಂತ ಶೇ 73ರಷ್ಟು ಕಡಿಮೆಯಾಯಿತು. ಗೊತ್ತಾಗಲಿಲ್ಲ ಅನ್ನುವ ಹಾಗೂ ಇಲ್ಲ. ದೇಶದಲ್ಲೇ ಮೊದಲು ಬರದ ಮೇಲೆ ಕಣ್ಣಿಡಲು ಕೋಶ ತೆರೆದವರು ನಾವು, 1988ರಲ್ಲಿ. ಈಗ ಪಂಚಾಯಿತಿ ಪಂಚಾಯಿತಿಗೂ ಮಳೆಮಾಪಕ ನೆಟ್ಟಿದ್ದೇವೆ. ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ವರದಿ ಒಪ್ಪಿಸುತ್ತದೆ. ಮಳೆ ಇಲ್ಲ. ಹದಿನೈದು ನಿಮಿಷ ಬಿಟ್ಟು, ಈಗಲೂ ಇಲ್ಲ. ಇಷ್ಟು ಶಿಸ್ತಾಗಿ ಒಣಗಿದ ರಾಜ್ಯ ಇನ್ನೊಂದು ಇರಲಾರದು.

ಆದರೆ ಬರ ಪಾಸಾಗಬೇಕಲ್ಲ! ಅದರ ಪಠ್ಯಪುಸ್ತಕ ಕೇಂದ್ರ ಸರ್ಕಾರದ 2016ರ ಬರ ಕೈಪಿಡಿ. ಮೊದಲು ಮಳೆ ಕೊರತೆಯ ಪ್ರಿಲಿಮ್ಸ್. ದಾಟಿದರೆ ಬಿತ್ತನೆ, ಮಣ್ಣಿನ ತೇವ, ಜಲಾಶಯ, ಅಂತರ್ಜಲ, ಉಪಗ್ರಹ ಚಿತ್ರ ಎಂಬ ಮೇನ್ಸ್. ಕೊನೆಗೆ ಶೇ 10ರಷ್ಟು ಹಳ್ಳಿಗಳನ್ನು ಆರಿಸಿ ಹೊಲದಲ್ಲೇ ವೈವಾ. ಬೆಳೆ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ ‘ತೀವ್ರ’, ಮೂರರಲ್ಲೊಂದು ಪಾಲು ಹೋಗಿದ್ದರೆ ‘ಸಾಧಾರಣ’. ಸಾಧಾರಣ ಬರಕ್ಕೆ ಕೇಂದ್ರದ ವಿಪತ್ತು ನಿಧಿಯಿಂದ ಬಿಡಿಗಾಸೂ ಹುಟ್ಟುವುದಿಲ್ಲ. ಹಾಗಾಗಿ, ನಮ್ಮ ತಾಲ್ಲೂಕಿಗೂ ತೀವ್ರ ಬರ ದಯಪಾಲಿಸಿ ಅಂತ ಶಾಸಕರು ವಶೀಲಿಗೆ ನಿಲ್ಲಬೇಕಾಗುತ್ತದೆ. ಮನೆಯಲ್ಲಿ ಜೋಳದ ಚೀಲ ಬರಿದಾಗಿದೆಯೇ, ಎಷ್ಟು ಮನೆಗೆ ಬೀಗ ಬಿದ್ದು ಜನ ಬೆಂಗಳೂರಿಗೆ ಗುಳೆ ಹೋದರು ಎಂಬ ಪ್ರಶ್ನೆಗಳಿಗೆ ಕಡ್ಡಾಯ ಪತ್ರಿಕೆ ಇಲ್ಲ. ಹೊಟ್ಟೆ ಸಿಲಬಸ್ಸಿನಾಚೆಗಿನ ವಿಷಯ.

ಈ ಪರೀಕ್ಷೆಯಲ್ಲಿ ಅತಿ ಕಟ್ಟುನಿಟ್ಟಿನ ಮೇಷ್ಟ್ರು ಉಪಗ್ರಹ. ಹಸಿರೆಷ್ಟಿದೆ ಅಂತ ಮೇಲಿನಿಂದಲೇ ಅಳೆಯುತ್ತದೆ. ಯಾವುದರ ಹಸಿರು ಅಂತ ವಿಚಾರಿಸುವಷ್ಟು ಕೆಳಗಿಳಿಯುವುದಿಲ್ಲ. ಹೊಲದಲ್ಲಿ ಮೆಕ್ಕೆಜೋಳ ಎದೆಮಟ್ಟ ನಿಂತಿದೆ, ಭೇಷ್. ತೆನೆ ಸುಲಿದರೆ ಅಲ್ಲೊಂದು ಇಲ್ಲೊಂದು ಕಾಳು, ಉಳಿದದ್ದು ಬೆಂಡು. ಶೇಂಗಾ ಬಳ್ಳಿ ಕಿತ್ತರೆ ಬೇರು ಬರುತ್ತದೆ, ಕಾಯಿ ಬರುವುದಿಲ್ಲ. ಬದುವಿನ ಮೇಲೆ ಬಳ್ಳಾರಿ ಜಾಲಿ, ಬೀಳುಬಿಟ್ಟ ಹೊಲದ ತುಂಬಾ ಕಾಂಗ್ರೆಸ್ ಗಿಡ (ಪಕ್ಷದವರು ಮುನಿಸಿಕೊಳ್ಳಬಾರದು, ಊರವರು ಇಟ್ಟ ಹೆಸರು). ಎಂಥ ಬರಕ್ಕೂ ಜಗ್ಗದ ಈ ಎರಡು ಬೆಳೆಗಳ ದೆಸೆಯಿಂದ ಆಕಾಶದಿಂದ ನೋಡಿದವರಿಗೆ ಬಯಲುಸೀಮೆ ಸುಭಿಕ್ಷ. ಇದು ‘ಹಸಿರು ಬರ’ ಸ್ವಾಮಿ, ನಿಮ್ಮ ಕೈಪಿಡಿ ಸ್ವಲ್ಪ ಸಡಿಲಿಸಿ ಅಂತ ರಾಜ್ಯ ಸರ್ಕಾರವೇ ದಿಲ್ಲಿಗೆ ಮೊರೆಯಿಡಬೇಕಾಯಿತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಸೆಪ್ಟೆಂಬರ್ 13ರಂದು 195 ತಾಲ್ಲೂಕು ಪಾಸಾದವು. ಸಪ್ಲಿಮೆಂಟರಿ ಎಲ್ಲ ಮುಗಿಯುವ ಹೊತ್ತಿಗೆ 223. ಅಕ್ಟೋಬರ್‌ನಲ್ಲಿ ಕೇಂದ್ರ ತಂಡ ಬಂತು, ನೋಡಿತು, ಹೋಯಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಅರ್ಜಿ ಹಾಕಿದ್ದೇ ತಡ ಅಂತ ದಿಲ್ಲಿ, ಓದಿದ್ದೇ ತಡ ಅಂತ ಬೆಂಗಳೂರು. ಮಾರ್ಚ್‌ನಲ್ಲಿ ಜಗಳ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು, ಏಪ್ರಿಲ್ ಕೊನೆಗೆ 3,454 ಕೋಟಿ ಇಳಿಯಿತು. ಮಳೆ ಬರಲಿಲ್ಲ ಎಂಬ ಸುದ್ದಿಗೆ ಹದಿನೈದು ನಿಮಿಷ, ದುಡ್ಡಿಗೆ ಏಳು ತಿಂಗಳು ಮೀರಿತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಎಕರೆಗೆ 3,400 ರೂಪಾಯಿ ಆಯಿತು. ಗೊಬ್ಬರದಂಗಡಿಯವನ ಉದ್ರಿ ಪುಸ್ತಕದಲ್ಲಿ ಒಂದು ಗೆರೆ ಹೊಡೆಸಲು ಸಾಕು.

ಇಷ್ಟಾದರೂ ರೈತ ಪುಣ್ಯವಂತ, ಅವನ ಹೆಸರಿಗೊಂದು ಪಹಣಿ ಇದೆ. ಕುರಿಗಾರರಿಗೆ ಅದೂ ಇಲ್ಲ. ಬೆಳಗಾವಿ, ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಹಿಂಡು ಹೊಡೆದುಕೊಂಡು ಹೊರಡುವ ಇವರು ಸಮೀಕ್ಷೆಯ ದಿನ ಯಾವ ಊರಿನ ಲೆಕ್ಕಕ್ಕೂ ಸಿಗುವುದಿಲ್ಲ. ಸರ್ಕಾರ ಜಾನುವಾರು ಎಣಿಸಲು ಶುರು ಮಾಡಿದ್ದು 1919ರಲ್ಲಿ. ಹೀಗೆ ಅಲೆಯುವವರ ಹಿಂಡಿನ ಮಾಹಿತಿ ಮೊದಲ ಸಲ ಬೇರೆಯಾಗಿ ಬರೆದುಕೊಳ್ಳಲು ಹೊರಟಿದ್ದು 2024ರ ಅಕ್ಟೋಬರ್‌ನಲ್ಲಿ, 21ನೇ ಗಣತಿಗೆ. ಬರದ ವರ್ಷ ಮೇವಿನ ಬೀಜದ ಕಿಟ್ಟನ್ನೇನೋ ಹಂಚಿದರು, ನೀರಾವರಿ ಇದ್ದವರಿಗೆ. ಮೊಬೈಲ್ ಹಿಡಿದು ಬೆಳೆ ಸಮೀಕ್ಷೆಗೆ ಬಂದ ಹುಡುಗನಿಗೂ ಬೀಳಿನಲ್ಲಿ ಹಿಂಡು ತಂಗಿಸಿದ ಅಜ್ಜನಿಗೂ ಮುಖಾಮುಖಿಯಾದರೆ ಮಾತು ಹೀಗೇ ನಡೆದೀತು:

‘ತಮ್ಮಾ, ನಮ್ಮ ಕುರೀನೂ ಅದರಾಗ ಬರ್ಕೊಳ್ಳೋ.’

‘ಪಹಣಿ ಐತೇನ್ರಿ ಅಜ್ಜಾರ?’

‘ಪಹಣಿ ಇದ್ದಿದ್ರ ಕುರಿ ಬೆನ್ನ ಹತ್ತಿ ಯಾಕ ತಿರಗ್ತಿದ್ನಿ?’

‘ಸರ್ವೆ ನಂಬರ್ ಹಾಕದಿದ್ರ ಆ್ಯಪ್ ಮುಂದಕ್ಕ ಹೋಗಂಗಿಲ್ರಿ.’

‘ಹೌದಾ? ನಾವು ಮೇವು ಸಿಗದಿದ್ರ ಮುಂದಕ್ಕ ಹೋಗ್ತೀವಿ ನೋಡು.’