ಮುಂಬಯಿ ತಲುಪದೆ ಯಹೂದಿ ಉಪನ್ಯಾಸ ಮುಗಿಸುವ ಬಗೆ

ಕನ್ನಡ ಸಂಘದವರು ಫೋನ್ ಮಾಡಿ, ‘ಯಹೂದಿಗಳ ಇತಿಹಾಸ, ಧರ್ಮ, ಸಂಸ್ಕೃತಿ ಬಗ್ಗೆ ಮುಕ್ಕಾಲು ಗಂಟೆ ಮಾತಾಡಬೇಕು ಸಾರ್’ ಎಂದರೆ ಹಿಂದೆ ಮುಂದೆ ನೋಡದೆ ಒಪ್ಪಿಕೊಳ್ಳಿ. ವಿಷಯ ಗೊತ್ತಿಲ್ಲವೆಂದು ಅಳುಕಬೇಡಿ. ಗೊತ್ತಿದ್ದವರೇ ಸಮಯ ಮೀರಿ ಕಾಫಿ ಆರಿಸುವುದು.

ಮೊದಲನೆಯದಾಗಿ, ಎಲ್ಲಿಗೂ ಹೋಗಬೇಡಿ. ಮಾಟುಂಗಾದವರಾದರೆ ಇನ್ನೂ ಹುಷಾರಾಗಿರಿ. ಸಿಎಸ್‌ಎಂಟಿ ಕಡೆಯ ಸ್ಲೋ ಲೋಕಲ್ ಹತ್ತಿದಿರೋ, ಬೈಕುಲಾದಲ್ಲಿ ಡೇವಿಡ್ ಸಸೂನ್ ಕಟ್ಟಿಸಿದ ಮಾಗೆನ್ ಡೇವಿಡ್ ಸಿನಗಾಗ್ ಸಿಗುತ್ತದೆ; ಮಸ್ಜಿದ್ ಸ್ಟೇಷನ್ನಿಗೆ ಇಳಿದು ನಡೆದರೆ ಊರಿನ ಅತ್ಯಂತ ಹಳೆಯ, 1796ರ ಶಾರ್ ಹರಹಮೀಂ. ಫೋರ್ಟಿಗೆ ಹೋದರಂತೂ 1884ರ ನೀಲಿ ಬಣ್ಣದ ಕೆನೆಸೆತ್ ಎಲಿಯಾಹು ಕಣ್ಣಿಗೆ ಬೀಳದೆ ಇರದು. ಕಂಡದ್ದನ್ನು ಹೇಳತೊಡಗಿದರೆ ಭಾಷಣಕ್ಕೆ ತೂಕ ಇರುವುದಿಲ್ಲ.

ಈಜಿಪ್ಟಿನಿಂದ ಶುರುಮಾಡಿ. ಕೆಂಪು ಸಮುದ್ರದ ದಡದಲ್ಲಿ ಮೋಶೆಯನ್ನು ಇಪ್ಪತ್ತು ನಿಮಿಷ ನಿಲ್ಲಿಸಿ. ಆಮೇಲೆ ಜೆರುಸಲೇಮ್, ಹಿಟ್ಲರ್, ಐನ್‌ಸ್ಟೈನ್. ಗಡಿಯಾರ ನೋಡಿಕೊಂಡು, ‘ನಮ್ಮ ಮುಂಬಯಿಯಲ್ಲೂ ಇದ್ದರು’ ಎಂದು ಹೇಳಿ. ‘ಇದ್ದರು’ ಎನ್ನಿ, ‘ಇದ್ದಾರೆ’ ಎನ್ನಬೇಡಿ. ಥಾಣೆಯಲ್ಲಿ 1879ರಿಂದಲೂ ಸಿನಗಾಗ್ ಇದೆ, ಪ್ರಾರ್ಥನೆ ನಡೆಯುತ್ತಿದೆ. ಅದು ನಿಮಗೆ ಬೇಡದ ಉಸಾಬರಿ. ಕಣ್ಮರೆಯಾದ ಜನಾಂಗ ಎಂದರೇನೇ ಸಭೆ ಒಂದು ಕ್ಷಣ ಮರುಗುವುದು.

ಬಗ್ದಾದಿನಿಂದ ಬಂದ ವರ್ತಕರನ್ನೂ, ಶತಮಾನಗಳಿಂದ ಕೊಂಕಣದಲ್ಲಿ ಗಾಣ ಆಡಿಸಿ, ಶನಿವಾರ ಎತ್ತು ಬಿಚ್ಚಿ ‘ಶನಿವಾರ ತೇಲಿ’ ಎನಿಸಿಕೊಂಡ ಬೆನೆ ಇಸ್ರೇಲರನ್ನೂ ಒಂದೇ ಮಾಡಿಬಿಡಿ. ದಿವೇಕರ್, ಚೇಉಲ್ಕರ್, ಪೇಣ್‌ಕರ್ ಎಂದು ಊರಿನ ಮೇಲಿಂದ ಅಡ್ಡಹೆಸರು ಇಟ್ಟುಕೊಂಡು ಮನೆಯಲ್ಲಿ ಮರಾಠಿ ಆಡುವ ಯಹೂದಿಯನ್ನು ಸಭಿಕರು ನಂಬುವುದಿಲ್ಲ. ಮೂರನೇ ಸಾಲಿನಲ್ಲಿ ಅಂಥವರೊಬ್ಬರು ಕೂತಿದ್ದರೂ ನಿಮಗೆ ಗೊತ್ತಾಗದು ಬಿಡಿ.

ಕೆಲವು ಸಂಗತಿಗಳನ್ನು ಬಾಯಿ ತಪ್ಪಿಯೂ ಆಡಬೇಡಿ. ಶಾರ್ ಹರಹಮೀಂ ಕಟ್ಟಿಸಿದವರು ಸ್ಯಾಮ್ಯುಯೆಲ್ ಎಝೆಕಿಯೆಲ್ ದಿವೇಕರ್. ಕಂಪನಿ ಸೈನ್ಯದಲ್ಲಿದ್ದು, ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಸೆರೆಯಾದವರು. ಬೆನೆ ಇಸ್ರೇಲ್ ಎಂದು ತಿಳಿದು ಟಿಪ್ಪುವಿನ ತಾಯಿಯೇ ಜೀವ ಉಳಿಸಿದರಂತೆ. ಪಾರಾದರೆ ದೇವರಿಗೆ ಮನೆ ಕಟ್ಟಿಸುತ್ತೇನೆಂದು ಹೊತ್ತ ಹರಕೆಯನ್ನು ಅವರು ಮುಂಬಯಿಗೆ ಮರಳಿ ತೀರಿಸಿದರು ಎಂಬುದು ಪ್ರತೀತಿ. ಕನ್ನಡ ಸಭೆಗೆ ಇದಕ್ಕಿಂತ ಹತ್ತಿರದ ಕಥೆ ಇಲ್ಲ, ಅದಕ್ಕೇ ಹೇಳಬೇಡಿ. ಟಿಪ್ಪು ಹೆಸರು ಬಿದ್ದೊಡನೆ ಸಭೆ ಎರಡು ಪಾಲಾಗುತ್ತದೆ, ಯಹೂದಿಗಳು ಯಾರಿಗೂ ಬೇಕಾಗುವುದಿಲ್ಲ.

ಮಲಿದಾ ಸುದ್ದಿಯೂ ಅಷ್ಟೇ ಅಪಾಯ. ನೆನೆಸಿದ ಅವಲಕ್ಕಿಗೆ ತೆಂಗಿನ ತುರಿ, ಸಕ್ಕರೆ, ಏಲಕ್ಕಿ ಕಲಸಿ, ಮೇಲೆ ಹಣ್ಣಿಟ್ಟು ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಹಂಚುತ್ತಾರೆ ಎಂದಿರೋ, ಮಹಿಳಾ ವಿಭಾಗದವರು ಪೆನ್ನು ಹುಡುಕತೊಡಗುತ್ತಾರೆ. ಸಸೂನ್ ಡಾಕ್ ಬೇಡವೇ ಬೇಡ. 1875ರಲ್ಲಿ ಅದನ್ನು ಕಟ್ಟಿಸಿದವರು ಡೇವಿಡರ ಮಗ ಆಲ್ಬರ್ಟ್ ಎಂದು ಮೊಗವೀರರು ಕೂತ ಸಭೆಯಲ್ಲಿ ಹೇಳಿ ನೋಡಿ, ಮಾತು ನೇರ ಬಂಗುಡೆಯ ರೇಟಿಗೆ ಇಳಿಯುತ್ತದೆ.

ಪ್ರಶ್ನೋತ್ತರಕ್ಕೆ ಅವಕಾಶ ಕೊಡದಿರುವುದೇ ಕ್ಷೇಮ. ಆದರೂ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಎದ್ದು, ‘ನಮ್ಮ ಬ್ರಾಂಚಲ್ಲಿ ಒಬ್ಬರಿದ್ದರು ಸಾರ್, ಅವರ ಮನೆ ಮದುವೆಗೆ ಹೋಗಿದ್ದೆ, ಹಿಂದಿನ ದಿನ ಮೆಹಂದಿ...’ ಎಂದು ತೆಗೆಯುತ್ತಾರೆ. ಅವರಿಗೆ ನಿಮಗಿಂತ ಹೆಚ್ಚು ಗೊತ್ತು. ‘ಒಳ್ಳೆಯ ಪ್ರಶ್ನೆ’ ಎಂದು ಕೈಮುಗಿದು ಕೂತುಬಿಡಿ; ಉಳಿದದ್ದನ್ನು ವಂದನಾರ್ಪಣೆಯವರು ನೋಡಿಕೊಳ್ಳುತ್ತಾರೆ.

ಶಾಲು, ಹಣ್ಣಿನ ಬುಟ್ಟಿ ಒಯ್ಯುವ ಗಡಿಬಿಡಿಯಲ್ಲಿ ಭಾಷಣದ ಹಾಳೆ ಬಿಟ್ಟು ಬರಬೇಡಿ. ಬರುವ ವರ್ಷ ಪಾರ್ಸಿಗಳ ಮೇಲೆ ಕರೆದಾರು. ಈಜಿಪ್ಟ್ ಹೊಡೆದು ಇರಾನ್ ಎಂದು ಬರೆದುಕೊಳ್ಳಿ.